ಪಾಠದ ವಿಡಿಯೋಗಳಿಗೆ ಬೇಕೆಂದಾಗ ಮಾತ್ರ ಕೇಳಿಸುವ ಧ್ವನಿ ವಿವರಣೆ ಸೇರಿಸುವುದು ಹೇಗೆ?

ಬುನ್ಸೆನ್ ದೀಪ (ಪ್ರಶ್ನೆ)

ನಮಸ್ಕಾರ. ವಿಜ್ಞಾನ ಪ್ರಯೋಗಗಳ ಹನ್ನೆರಡು ವಿಡಿಯೋಗಳಿವೆ, ಒಂದೊಂದೂ 6ರಿಂದ 10 ನಿಮಿಷದ್ದು. ಜೊತೆಗೆ 20 ನಿಮಿಷದ ಎರಡು ಕಿರುನಾಟಕಗಳು. ಎಲ್ಲವೂ ಎಂಪಿ4: ಎಚ್.264 ವಿಡಿಯೋ, ಎಎಸಿ ಆಡಿಯೋ. ನಮ್ಮದೇ ಜಾಲತಾಣದಲ್ಲಿ ಹಾಕಿದ್ದೇವೆ, ಯೂಟ್ಯೂಬಿನಲ್ಲೂ ಇವೆ.

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಇವಕ್ಕೆ ಧ್ವನಿ ವಿವರಣೆ, ಅಂದರೆ ತೆರೆಯ ಮೇಲೆ ಕಾಣುವುದನ್ನು ಮಾತಿನಲ್ಲಿ ಹೇಳುವ ಆಡಿಯೋ, ಸೇರಿಸಬೇಕಾಗಿದೆ. ಅದು ಎಲ್ಲರಿಗೂ ಕೇಳಿಸುವುದು ಬೇಡ. ಬೇಕಾದವರು ಗುಂಡಿ ಒತ್ತಿ ಹಾಕಿಕೊಳ್ಳಬೇಕು, ಬೇಡವೆನಿಸಿದಾಗ ತೆಗೆಯಬೇಕು.

ಎರಡು ದಾರಿ ಪ್ರಯತ್ನಿಸಿದ್ದಾಯಿತು. ವಿವರಣೆಯ ಸಾಲುಗಳನ್ನು ವೆಬ್‌ವಿಟಿಟಿ ಫೈಲಿನಲ್ಲಿ (ಸಮಯದ ಗುರುತಿನೊಂದಿಗೆ ಸಾಲುಗಳಿರುವ ಪಠ್ಯ ಫೈಲು) ಬರೆದು, ವಿಡಿಯೋ ಟ್ಯಾಗಿನೊಳಗೆ 'ಡಿಸ್ಕ್ರಿಪ್ಷನ್ಸ್' ಬಗೆಯ ಟ್ರ್ಯಾಕ್ ಆಗಿ ಕೊಟ್ಟರೆ ಯಾವ ಬ್ರೌಸರಿನಲ್ಲೂ ಸದ್ದಿಲ್ಲ. ಓದಿ ರೆಕಾರ್ಡ್ ಮಾಡಿದ ವಿವರಣೆಯನ್ನು ಎಂಪಿ4 ಒಳಗೇ ಎರಡನೇ ಆಡಿಯೋ ಟ್ರ್ಯಾಕ್ ಮಾಡಿದರೆ ವಿಎಲ್‌ಸಿಯಲ್ಲಿ ಎರಡೂ ಕಾಣಿಸುತ್ತವೆ, ಕ್ರೋಮ್‌ನಲ್ಲಿ ಮೊದಲನೆಯದು ಮಾತ್ರ ಕೇಳಿಸುತ್ತದೆ. ಬದಲಾಯಿಸಲು ಜಾಗವೇ ಇಲ್ಲ.

ಇನ್ನೊಂದು ತೊಡಕು: ಪ್ರಯೋಗದ ವಿಡಿಯೋಗಳಲ್ಲಿ ಮೇಷ್ಟ್ರು ಉಸಿರು ಬಿಡದೆ ಮಾತಾಡುತ್ತಾರೆ. ವಿವರಣೆ ತೂರಿಸಲು ಸಂದೇ ಇಲ್ಲ. ಇಂಥ ಕಡೆ ಏನು ಮಾಡುತ್ತಾರೆ? ಬರೀ ಲಿಖಿತ ಪಠ್ಯ ಕೊಟ್ಟರೆ ಸಾಲದೇ?

---

ಧ್ವನಿಹಾದಿ

ನಿಮ್ಮ ಎರಡು ಪ್ರಯತ್ನಗಳಲ್ಲೂ ತಪ್ಪಿಲ್ಲ, ಬ್ರೌಸರುಗಳು ಕೈಕೊಟ್ಟಿವೆ. 'ಡಿಸ್ಕ್ರಿಪ್ಷನ್ಸ್' ಎಂಬ ಬಗೆ ಎಚ್‌ಟಿಎಂಎಲ್‌ನಲ್ಲಿ ಇದೆ, ಆದರೆ ಪ್ರಮುಖ ಬ್ರೌಸರುಗಳಲ್ಲಿ ಯಾವುದೂ ತಾನಾಗಿ ಅದನ್ನು ಓದಿ ಹೇಳುವುದಿಲ್ಲ. ಫೈಲನ್ನು ಲೋಡ್ ಮಾಡಿ ಸುಮ್ಮನಿರುತ್ತದೆ. ಓದಿಸುವ ಕೆಲಸ ಪ್ಲೇಯರಿನದು. ಎಂಪಿ4 ಒಳಗಿನ ಎರಡನೇ ಟ್ರ್ಯಾಕಿನ ಕಥೆಯೂ ಅದೇ: ಸಫಾರಿ ಅದನ್ನು ಪುಟದ ಸ್ಕ್ರಿಪ್ಟಿಗೆ ತೋರಿಸುತ್ತದೆ, ಕ್ರೋಮ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಅದನ್ನು ನಂಬಿಕೊಳ್ಳುವ ಹಾಗಿಲ್ಲ. ಡೌನ್‌ಲೋಡ್ ಮಾಡಿ ನೋಡುವವರಿಗೆ ಮಾತ್ರ ಆ ಫೈಲು ಉಪಯೋಗ.

ಹಾಗಾಗಿ ಜಾಲತಾಣಕ್ಕೆ ಉಳಿಯುವುದು ಮೂರು ದಾರಿ.

ಮೊದಲನೆಯದು, ಎರಡು ಪೂರ್ತಿ ವಿಡಿಯೋ ಫೈಲು. ಒಂದು ಮೂಲ, ಇನ್ನೊಂದು ವಿವರಣೆ ಬೆರೆಸಿದ್ದು. ಗುಂಡಿ ಒತ್ತಿದಾಗ ಸ್ಕ್ರಿಪ್ಟು ಈಗಿನ ಸಮಯವನ್ನು ನೆನಪಿಟ್ಟು, ಫೈಲಿನ ವಿಳಾಸ ಬದಲಿಸಿ, ಮೆಟಾಡೇಟಾ (ಉದ್ದ ಮುಂತಾದ ವಿವರ) ಲೋಡ್ ಆದ ಮೇಲೆ ಅದೇ ಸಮಯಕ್ಕೆ ಹಾರಿ, ಮೊದಲು ಓಡುತ್ತಿದ್ದರೆ ಮತ್ತೆ ಓಡಿಸಬೇಕು. ಮೆಟಾಡೇಟಾ ಬರುವ ಮುಂಚೆಯೇ ಸಮಯ ಕೊಟ್ಟರೆ ಕೆಲವು ಬ್ರೌಸರುಗಳಲ್ಲಿ ವಿಡಿಯೋ ಶುರುವಿನಿಂದ ಓಡುತ್ತದೆ. ಎಲ್ಲರೂ ಎಡವುವ ಜಾಗ ಅದು. ಆಯ್ಕೆಯನ್ನು ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿ ಬರೆದಿಡಿ, ಹನ್ನೆರಡು ವಿಡಿಯೋಗೂ ಹನ್ನೆರಡು ಸಲ ಒತ್ತಿಸುವುದು ನ್ಯಾಯವಲ್ಲ. ಇದನ್ನು ಸ್ವಂತ ಬರೆಯುವ ಬದಲು ಏಬಲ್ ಪ್ಲೇಯರ್ ಬಳಸಬಹುದು. ಅದು ಮುಕ್ತ ತಂತ್ರಾಂಶ. ಪ್ರತಿ ಮೂಲ ಫೈಲಿಗೂ 'ಇದರ ವಿವರಣೆ ಸಹಿತ ಆವೃತ್ತಿ ಇಲ್ಲಿದೆ' ಎಂದು ಸೋರ್ಸ್ ಟ್ಯಾಗಿನಲ್ಲೇ ಹೇಳಿದರೆ ಗುಂಡಿಯನ್ನು ಅದೇ ತೋರಿಸುತ್ತದೆ.

ಎರಡನೆಯದು ಎಚ್‌ಎಲ್‌ಎಸ್. ಇದು ವಿಡಿಯೋವನ್ನು ತುಣುಕು ತುಣುಕಾಗಿ ಕಳಿಸುವ ಸ್ಟ್ರೀಮಿಂಗ್ ವಿಧಾನ. ಇಲ್ಲಿ ಚಿತ್ರ ಒಂದೇ, ಆಡಿಯೋ ಬೇರೆ ಬೇರೆ. ಮುಖ್ಯ ಪ್ಲೇಲಿಸ್ಟಿನಲ್ಲಿ ಒಂದೇ ಆಡಿಯೋ ಗುಂಪಿಗೆ ಎರಡು ನಮೂದು: ಮೂಲದ್ದಕ್ಕೆ ಡಿಫಾಲ್ಟ್ ಹೌದು, ವಿವರಣೆಯದ್ದಕ್ಕೆ ಡಿಫಾಲ್ಟ್ ಇಲ್ಲ, ಆಟೋಸೆಲೆಕ್ಟ್ ಹೌದು. ಎರಡನೆಯದಕ್ಕೆ ಕ್ಯಾರೆಕ್ಟರಿಸ್ಟಿಕ್ಸ್ ಗುಣಲಕ್ಷಣದಲ್ಲಿ 'ಪಬ್ಲಿಕ್ ಡಾಟ್ ಆ್ಯಕ್ಸೆಸಿಬಿಲಿಟಿ ಡಾಟ್ ಡಿಸ್ಕ್ರೈಬ್ಸ್ ಹೈಫನ್ ವಿಡಿಯೋ' ಎಂದು ತಪ್ಪದೆ ಕೊಡಿ. ಐಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಆಡಿಯೋ ಡಿಸ್ಕ್ರಿಪ್ಷನ್ಸ್ ಆನ್ ಮಾಡಿಟ್ಟವರಿಗೆ ಆ ಗುರುತು ನೋಡಿ ವಿವರಣೆಯ ಟ್ರ್ಯಾಕು ತಾನಾಗಿ ಆಯ್ಕೆಯಾಗುತ್ತದೆ, ಗುಂಡಿ ಹುಡುಕುವ ಕೆಲಸವೇ ಇಲ್ಲ. ಉಳಿದ ಬ್ರೌಸರುಗಳಿಗೆ ಎಚ್‌ಎಲ್‌ಎಸ್ ಡಾಟ್ ಜೆಎಸ್ ಅಥವಾ ಶಾಕಾ ಪ್ಲೇಯರ್ ಇದೆ, ಎರಡರಲ್ಲೂ ಆಡಿಯೋ ಟ್ರ್ಯಾಕ್ ಬದಲಿಸಬಹುದು. ಜಾಗದ ಲೆಕ್ಕವೂ ನೋಡಿ: 8 ನಿಮಿಷದ ವಿಡಿಯೋ ಸೆಕೆಂಡಿಗೆ 1.5 ಮೆಗಾಬಿಟ್ ದರದಲ್ಲಿ ಸುಮಾರು 90 ಎಂಬಿ. ಅದನ್ನೇ ಇನ್ನೊಮ್ಮೆ ಇಡುವ ಬದಲು 128 ಕಿಲೋಬಿಟ್ ಆಡಿಯೋ ಮಾತ್ರ ಇಟ್ಟರೆ 8 ಎಂಬಿಯೂ ಆಗುವುದಿಲ್ಲ.

ಮೂರನೆಯದು, ವೆಬ್‌ವಿಟಿಟಿ ಸಾಲುಗಳನ್ನು ಪ್ಲೇಯರಿನಿಂದ ಓದಿಸುವುದು. ಏಬಲ್ ಪ್ಲೇಯರ್ ಇದನ್ನೂ ಮಾಡುತ್ತದೆ, ಬೇಕಿದ್ದರೆ ಓದಿ ಮುಗಿಸುವವರೆಗೆ ವಿಡಿಯೋ ನಿಲ್ಲಿಸುತ್ತದೆ. ರೆಕಾರ್ಡಿಂಗ್ ಖರ್ಚಿಲ್ಲ, ತಿದ್ದುವುದು ಸುಲಭ. ಆದರೆ ಓದುವ ಧ್ವನಿ ನೋಡುವವರ ಯಂತ್ರದ್ದು. ಅಲ್ಲಿ ಕನ್ನಡ ಧ್ವನಿ ಇಲ್ಲದಿದ್ದರೆ ಮೌನ, ಇಲ್ಲವೇ ಇನ್ಯಾವುದೋ ಭಾಷೆಯ ಧ್ವನಿ ಕನ್ನಡವನ್ನು ಚಿಂದಿ ಮಾಡುತ್ತದೆ. ಫೈಲು ಯುಟಿಎಫ್-8 ಆಗಿರಲಿ. ಸಮಯದಲ್ಲಿ ಸೆಕೆಂಡಾದ ಮೇಲೆ ಚುಕ್ಕಿ ಬರಬೇಕು, ಅಲ್ಪವಿರಾಮವಲ್ಲ. ಎಸ್‌ಆರ್‌ಟಿ ಸಬ್‌ಟೈಟಲ್ ಫೈಲಿನಿಂದ ಕಾಪಿ ಮಾಡಿದವರು ಇಲ್ಲೇ ಸಿಕ್ಕಿಬೀಳುತ್ತಾರೆ: ಆ ಸಾಲುಗಳು ದೋಷದ ಸೂಚನೆಯೂ ಇಲ್ಲದೆ ಬಿದ್ದುಹೋಗುತ್ತವೆ.

ನನ್ನ ಮತ ಕೇಳಿದರೆ: ನಾಟಕಗಳಿಗೆ ಎರಡನೇ ದಾರಿ. ಪ್ರಯೋಗಗಳ ಬಗ್ಗೆ ಕೆಳಗೆ ಯಾರಾದರೂ ಹೇಳುತ್ತಾರೆ, ಅಲ್ಲಿ ತೊಂದರೆ ಬೇರೆ ಇದೆ.

ಲಿಖಿತ ಪಠ್ಯದ ಬಗ್ಗೆ: ಡಬ್ಲ್ಯುಸಿಎಜಿಯಲ್ಲಿ (ಜಾಲತಾಣಗಳು ಅಂಗವಿಕಲರಿಗೂ ಬಳಸಲು ಬರುವಂತಿರಲು ಇರುವ ಮಾರ್ಗಸೂಚಿ; ಎ, ಎಎ, ಎಎಎ ಅದರ ಏರುವ ಮಟ್ಟಗಳು) ಎ ಮಟ್ಟದ 1.2.3ನೇ ನಿಯಮಕ್ಕೆ ಧ್ವನಿ ವಿವರಣೆ ಅಥವಾ ಪೂರ್ಣ ಪಠ್ಯ, ಎರಡರಲ್ಲೊಂದು ಸಾಕು. ಎಎ ಮಟ್ಟದ 1.2.5ಕ್ಕೆ ಪಠ್ಯ ಸಾಲದು, ಧ್ವನಿ ವಿವರಣೆ ಬೇಕೇ ಬೇಕು. ವಿಡಿಯೋ ನಿಲ್ಲಿಸಿ ಹೇಳುವ ವಿಸ್ತೃತ ವಿವರಣೆ ಎಎಎ ಮಟ್ಟದ 1.2.7. ಹಾಗೆಂದು ಪಠ್ಯ ಬಿಡಬೇಡಿ. ಕಣ್ಣೂ ಕಿವಿಯೂ ಇಲ್ಲದವರು ಬ್ರೈಲ್ ಪಟ್ಟಿಯಲ್ಲಿ ಓದಬಹುದಾದದ್ದು ಅದೊಂದೇ.

---

ಬುನ್ಸೆನ್ ದೀಪ

ಬಹಳ ಉಪಕಾರ. ನಾಲ್ಕನೆಯ ದಾರಿಯೊಂದು ಹೊಳೆಯಿತು. ವಿಡಿಯೋ ಹಾಗೇ ಇರಲಿ, ವಿವರಣೆಯ ಎಂಪಿ3ಯನ್ನು ಪಕ್ಕದಲ್ಲಿ ಬೇರೆ ಆಡಿಯೋ ಟ್ಯಾಗಿನಲ್ಲಿ ಓಡಿಸಿ, ಆ ಹೊತ್ತಿಗೆ ವಿಡಿಯೋದ ವಾಲ್ಯೂಮನ್ನು ಸ್ಕ್ರಿಪ್ಟಿನಿಂದ ತಗ್ಗಿಸಿದರೆ? ಬೆರೆಸುವ ಕೆಲಸವೇ ತಪ್ಪುತ್ತದಲ್ಲ.

---

ಡೆಸಿಬೆಲ್ ದಾಸ

ತಪ್ಪುವುದಿಲ್ಲ, ಬೇರೆ ರೂಪದಲ್ಲಿ ಬರುತ್ತದೆ. ಐಫೋನ್, ಐಪ್ಯಾಡ್‌ಗಳ ಸಫಾರಿಯಲ್ಲಿ ವಿಡಿಯೋದ ವಾಲ್ಯೂಮನ್ನು ಸ್ಕ್ರಿಪ್ಟಿನಿಂದ ಬದಲಿಸಲು ಬರುವುದಿಲ್ಲ, ಏನು ಕೊಟ್ಟರೂ 1 ಎಂದೇ ಉಳಿಯುತ್ತದೆ. ಮೇಷ್ಟ್ರ ಮಾತು, ವಿವರಣೆ ಎರಡೂ ಸಮಸಮ ಕೂಗುತ್ತವೆ. ಇದು ಸಾಲದೆಂಬಂತೆ ಎರಡು ಮೀಡಿಯಾ ಒಂದೇ ತಾಳದಲ್ಲಿ ನಡೆಯುವುದಿಲ್ಲ. ವಿಡಿಯೋ ಬಫರಿಂಗ್‌ಗೆ ನಿಂತಾಗ ಆಡಿಯೋವನ್ನೂ ನಿಲ್ಲಿಸಬೇಕು, ಹಿಂದೆ ಮುಂದೆ ಹಾರಿದಾಗ ಇದನ್ನೂ ಹಾರಿಸಬೇಕು, ಒಂದೂವರೆ ಪಟ್ಟು ವೇಗಕ್ಕೆ ಹಾಕಿದರೆ ಇದಕ್ಕೂ ಹಾಕಬೇಕು. ವಿಡಿಯೋ ಎಲ್ಲಿಗೆ ಬಂತೆಂದು ತಿಳಿಸುವ ಟೈಮ್‌ಅಪ್‌ಡೇಟ್ ಘಟನೆ ಸಾಮಾನ್ಯವಾಗಿ ಕಾಲು ಸೆಕೆಂಡಿಗೊಮ್ಮೆ ಬರುತ್ತದೆ. ಅದನ್ನು ನಂಬಿ ತಿದ್ದುತ್ತಾ ಹೋದರೆ ವಿವರಣೆ ತೊದಲುತ್ತದೆ. ಬೆರೆಸಿಯೇ ಕೊಡಿ. ಬೆರೆಸುವುದು ಅಷ್ಟೇನೂ ಕಷ್ಟವಲ್ಲ, ವಿವರಣೆಯ ಬರಹ ಕೈಗೆ ಬಂದ ಮೇಲೆ ಹೇಳುತ್ತೇನೆ.

---

ಅರೆವಿರಾಮ

ವಿವರಣೆಯ ಸ್ಕ್ರಿಪ್ಟ್ ಬರೆಯುವ ಕಡೆಯಿಂದ ನಾನು ಹೇಳುತ್ತೇನೆ. ತಾಂತ್ರಿಕ ದಾರಿ ಯಾವುದೇ ಹಿಡಿಯಿರಿ, ಕೊನೆಗೆ ಎಲ್ಲ ನಿಂತಿರುವುದು ಮಾತಿನ ನಡುವಿನ ಸಂದುಗಳ ಮೇಲೆ. ಆದ್ದರಿಂದ ಮೊದಲು ಬರೆಯಬೇಡಿ, ಮೊದಲು ಅಳೆಯಿರಿ. ವಿಡಿಯೋದ ಆಡಿಯೋವನ್ನು ಆಡಾಸಿಟಿಯಲ್ಲಿ (ಆಡಿಯೋ ತಿದ್ದುವ ತಂತ್ರಾಂಶ) ತೆರೆದರೆ ಮಾತಿಲ್ಲದ ಜಾಗ ಅಲೆಯ ಚಿತ್ರದಲ್ಲೇ ಕಾಣುತ್ತದೆ. ಒಂದೂವರೆ ಸೆಕೆಂಡಿಗಿಂತ ದೊಡ್ಡ ಸಂದುಗಳನ್ನೆಲ್ಲ ಲೇಬಲ್ ಹಾಕಿ ಗುರುತಿಸಿ, ಶುರು ಮತ್ತು ಕೊನೆಯ ಸಮಯ ಬರೆದುಕೊಳ್ಳಿ. ಜೊತೆಗೆ, ಸಂದಿಗೆ ಮುಂಚೆ ಬರುವ ಕೊನೆಯ ಎರಡು ಮೂರು ಮಾತು. ಓದುವವರಿಗೆ ಅದೇ ಸನ್ನೆ.

ಇಂಗ್ಲಿಷಿನ ಕೈಪಿಡಿಗಳಲ್ಲಿ ನಿಮಿಷಕ್ಕೆ ಸುಮಾರು 160 ಪದ ಎಂದಿರುತ್ತದೆ. ಕನ್ನಡಕ್ಕೆ ಆ ಲೆಕ್ಕ ಹೊಂದುವುದಿಲ್ಲ. 'ಸುರಿಯುತ್ತಿದ್ದಾರೆ' ಕೂಡ ಒಂದು ಪದ, 'ಈ' ಕೂಡ ಒಂದು ಪದ. ಅಕ್ಷರ ಎಣಿಸಿ. ಸ್ಪಷ್ಟವಾಗಿ, ಅವಸರವಿಲ್ಲದೆ ಓದುವಾಗ ಸೆಕೆಂಡಿಗೆ ಐದಾರು ಅಕ್ಷರ ಎಂದಿಟ್ಟುಕೊಂಡರೆ ಮೋಸವಿಲ್ಲ. ಸಂದಿನ ಎರಡೂ ತುದಿಗೆ ಕಾಲು ಸೆಕೆಂಡು ಬಿಡಿ. 2.8 ಸೆಕೆಂಡಿನ ಸಂದಿಗೆ ನಿಮಗೆ ದಕ್ಕುವುದು 2.3 ಸೆಕೆಂಡು, ಅಂದರೆ ಹನ್ನೆರಡು ಹದಿಮೂರು ಅಕ್ಷರ.

ಉದಾಹರಣೆಗೆ ನಾಟಕದ ಒಂದು ದೃಶ್ಯ. 'ಆಕೆ ಕಿಟಕಿಯ ಬಳಿಗೆ ಹೋಗಿ ಪರದೆಯನ್ನು ಸರಿಸಿ ಹೊರಗೆ ನೋಡುತ್ತಿದ್ದಾಳೆ.' ಇಪ್ಪತ್ತೇಳು ಅಕ್ಷರ, ಐದು ಸೆಕೆಂಡು ಬೇಕು. 'ಪರದೆ ಸರಿಸಿ ಹೊರಗೆ ನೋಡುತ್ತಾಳೆ.' ಹದಿಮೂರು ಅಕ್ಷರ, ಸಂದಿಗೆ ಸರಿಯಾಗಿ ಕೂರುತ್ತದೆ. ಏನು ಕಳೆದುಕೊಂಡೆವು? 'ಆಕೆ' ಹೋಯಿತು, ಆದರೆ ಕ್ರಿಯಾಪದದ ತುದಿಯಲ್ಲೇ ಆಕೆ ಇದ್ದಾಳೆ. ಪರದೆ ಸರಿಸಿದರೆ ಕಿಟಕಿಯ ಬಳಿ ಇದ್ದಾಳೆಂದೇ ಅರ್ಥ. ಸರ್ವನಾಮ ಬಿಡಬಹುದಾದ್ದು ಕನ್ನಡದಲ್ಲಿ ಬರೆಯುವವರಿಗೆ ಸಿಕ್ಕ ದೊಡ್ಡ ಅನುಕೂಲ. ದೃಶ್ಯದಲ್ಲಿ ಇಬ್ಬರು ಹೆಂಗಸರಿದ್ದರೆ ಮಾತ್ರ ಹೆಸರು ಹಾಕಲೇಬೇಕು.

ಅನುಕೂಲದ ಹಿಂದೆಯೇ ಹಳ್ಳವೂ ಇದೆ. ಮುಸುಕು ಹಾಕಿಕೊಂಡ ಯಾರೋ ಒಳಗೆ ಬರುತ್ತಾರೆ, ಗಂಡೋ ಹೆಣ್ಣೋ ನೋಡುವವರಿಗೂ ಗೊತ್ತಿಲ್ಲ ಎಂದುಕೊಳ್ಳಿ. 'ಬರುತ್ತಾನೆ' ಎಂದ ಕೂಡಲೇ ಗುಟ್ಟು ರಟ್ಟಾಯಿತು. 'ಬರುತ್ತಾರೆ' ಎಂದರೆ ಒಬ್ಬರೋ ನಾಲ್ಕು ಜನವೋ ತಿಳಿಯದು. 'ಮುಸುಕಿನ ಆಕೃತಿಯೊಂದು ಒಳಬರುತ್ತದೆ' ಎಂದು ನಪುಂಸಕಕ್ಕೆ ತಿರುಗಿಸಿದರೆ ಬಚಾವ್. ಗೌರವದ ಬಹುವಚನವನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ: ಯಾವ ಪಾತ್ರಕ್ಕೆ 'ಆರೆ', ಯಾವುದಕ್ಕೆ 'ಆನೆ, ಆಳೆ' ಎಂದು ಒಂದು ಚೀಟಿಯಲ್ಲಿ ಬರೆದು ಕೊನೆವರೆಗೂ ಅದನ್ನೇ ಪಾಲಿಸಿ. ನಡುವೆ ಬದಲಾದರೆ ಕೇಳುವವರು ಹೊಸಬರು ಬಂದರೇ ಎಂದು ಗೊಂದಲಕ್ಕೆ ಬೀಳುತ್ತಾರೆ.

ಇನ್ನೊಂದು ಸೂಕ್ಷ್ಮ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಮೇಜಿನ ಅಂಚಿನಲ್ಲಿದ್ದ ಗಾಜಿನ ಲೋಟ ಬೀಳುತ್ತದೆ' ಎನ್ನುವಷ್ಟರಲ್ಲಿ ಫಳಾರ್ ಸದ್ದು ಬಂದುಹೋಗಿರುತ್ತದೆ. ಸದ್ದಿಗೆ ಮುಂಚೆ 'ಮೊಣಕೈ ಲೋಟಕ್ಕೆ ತಾಗುತ್ತದೆ' ಎಂದಷ್ಟೇ ಹೇಳಿ ಸುಮ್ಮನಾಗಿ, ಉಳಿದದ್ದನ್ನು ಸದ್ದೇ ಹೇಳುತ್ತದೆ. ಕಿವಿಗೆ ಬೀಳುವುದನ್ನು ಮತ್ತೆ ಹೇಳುವುದು ಹೊಸಬರ ಮೊದಲ ತಪ್ಪು: ಫೋನು ರಿಂಗಾಗುತ್ತಿದೆ, ಬಾಗಿಲು ಬಡಿಯುತ್ತಿದೆ, ಮಗು ಅಳುತ್ತಿದೆ.

ಭಾವ ಹೇಳಬೇಕೋ ಬೇಡವೋ ಎಂಬ ಜಗಳ ಹಳೆಯದು. 'ಕೋಪಗೊಂಡಿದ್ದಾನೆ' ಎನ್ನಬಾರದು, 'ಹುಬ್ಬು ಗಂಟಿಕ್ಕುತ್ತಾನೆ' ಎನ್ನಬೇಕು ಎಂದು ಪಟ್ಟು ಹಿಡಿಯುವವರಿದ್ದಾರೆ. ಸಮಯವಿದ್ದರೆ ಅದೇ ಸರಿ. ಒಂದೇ ಸೆಕೆಂಡು ಇದ್ದಾಗ 'ಸಿಡುಕುತ್ತಾನೆ' ಎಂದು ಮುಗಿಸುವುದರಲ್ಲಿ ನನಗೆ ಪಾಪ ಕಾಣುವುದಿಲ್ಲ. ಆದರೆ ಕಾರಣ ಹೇಳಬೇಡಿ. 'ಅವಮಾನದಿಂದ' ಎಂಬಂಥ ಪದ ಬಂತೆಂದರೆ ಅದು ವಿಮರ್ಶೆ.

ಈಗ ಪ್ರಯೋಗದ ವಿಡಿಯೋ. ಮೇಷ್ಟ್ರು 'ನೋಡಿ, ಇದನ್ನು ಇದಕ್ಕೆ ಹಾಕಿದ ತಕ್ಷಣ ಬಣ್ಣ ಹೇಗೆ ಬದಲಾಯಿತು!' ಎನ್ನುತ್ತಾರೆ. ಯಾವುದನ್ನು, ಯಾವುದಕ್ಕೆ, ಯಾವ ಬಣ್ಣ? ಕಣ್ಣು ಮುಚ್ಚಿ ಒಂದು ವಿಡಿಯೋ ಪೂರ್ತಿ ಕೇಳಿ, 'ಇದು, ಅದು, ಇಲ್ಲಿ, ಹೀಗೆ' ಬಂದಲ್ಲೆಲ್ಲ ಸಮಯ ಗುರುತು ಹಾಕಿ. ಆ ಪಟ್ಟಿಯಲ್ಲಿ ಮುಕ್ಕಾಲು ಪಾಲು ಮೇಷ್ಟ್ರ ಒಂದೊಂದು ವಾಕ್ಯವನ್ನು ಮರು ರೆಕಾರ್ಡ್ ಮಾಡಿದರೆ ಮುಗಿಯುವಂಥದ್ದು: 'ನೀಲಿ ಲಿಟ್ಮಸ್ ಕಾಗದವನ್ನು ಆಮ್ಲದಲ್ಲಿ ಅದ್ದಿದ ತಕ್ಷಣ ಕೆಂಪಾಯಿತು.' ಕಾಣುವವರಿಗೂ ಇದರಿಂದ ನಷ್ಟವಿಲ್ಲ. ಕಾಣುವ ಮಾಹಿತಿಯೆಲ್ಲ ಮೂಲ ಆಡಿಯೋದಲ್ಲೇ ಬಂದುಬಿಟ್ಟರೆ ಡಬ್ಲ್ಯುಸಿಎಜಿ ಪ್ರಕಾರ ಬೇರೆ ವಿವರಣೆಯೇ ಬೇಕಿಲ್ಲ. ಮುಂದಿನ ವಿಡಿಯೋಗಳಿಗಂತೂ ಸ್ಕ್ರಿಪ್ಟ್ ಹಂತದಲ್ಲೇ ಇದನ್ನು ಮಾಡಿ. ಆಮೇಲೆ ಎಷ್ಟು ತೇಪೆ ಹಾಕಿದರೂ ತೇಪೆಯೇ.

ಉಳಿದ ಕಾಲು ಪಾಲಿಗೆ ವಿಸ್ತೃತ ವಿವರಣೆ: ಚಿತ್ರವನ್ನು ಅಲ್ಲೇ ಹಿಡಿದು ನಿಲ್ಲಿಸಿ, ಹೇಳಿ, ಮುಂದೆ ಬಿಡುವುದು. ಟೈಟ್ರೇಷನ್ ಉಪಕರಣದ ಜೋಡಣೆ ಇಂಥದ್ದು. ಸ್ಟ್ಯಾಂಡಿಗೆ ಬ್ಯೂರೆಟ್ ಹೇಗೆ ಬಿಗಿದಿದೆ, ಕೆಳಗೆ ಫ್ಲಾಸ್ಕ್ ಎಲ್ಲಿದೆ, ಅಳತೆಯ ಗೆರೆ ಎಲ್ಲಿಗೆ ಬಂದಿದೆ ಎಂಬುದು ಎರಡು ಸೆಕೆಂಡಿನಲ್ಲಿ ಆಗುವ ಮಾತಲ್ಲ. ಎಡದಿಂದ ಬಲಕ್ಕೆ ಅಥವಾ ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿನಲ್ಲಿ ಹೇಳಿ.

ಪಾಠದ ವಿಡಿಯೋಗೆ ಮಾತ್ರ ಅನ್ವಯಿಸುವ ಎಚ್ಚರಿಕೆ: ಉತ್ತರ ಹೇಳಿಬಿಡಬೇಡಿ. ಮೇಷ್ಟ್ರು 'ಈಗ ಬಣ್ಣ ಏನಾಗಬಹುದು?' ಎಂದು ಕೇಳಿ ಎರಡು ಸೆಕೆಂಡು ಸುಮ್ಮನಾದರೆ, ಆ ಸಂದು ವಿವರಣೆಗಲ್ಲ, ವಿದ್ಯಾರ್ಥಿಗೆ. ಅಂತೆಯೇ 'ದ್ರಾವಣ ತಿಳಿ ಗುಲಾಬಿಯಾಗುತ್ತದೆ' ಎನ್ನಿ. 'ತಟಸ್ಥೀಕರಣ ಮುಗಿಯುತ್ತದೆ' ಎನ್ನುವುದು ಪಾಠದ ಕೆಲಸ.

---

ಡೆಸಿಬೆಲ್ ದಾಸ

ಅರೆವಿರಾಮ ಹೇಳಿದ್ದಕ್ಕೆ ಒಂದು ಗಂಟು ಸೇರಿಸಬೇಕು. ಚಿತ್ರ ನಿಲ್ಲಿಸಿದ ಕೂಡಲೇ ವಿಡಿಯೋದ ಉದ್ದ ಬದಲಾಯಿತು. ಹಾಗಾಗಿ ವಿಸ್ತೃತ ವಿವರಣೆ ಎಚ್‌ಎಲ್‌ಎಸ್‌ನ ಎರಡನೇ ಆಡಿಯೋ ಆಗಲಾರದು, ಅದಕ್ಕೆ ಬೇರೆಯೇ ವಿಡಿಯೋ ಬೇಕು ಅಥವಾ ಪ್ಲೇಯರ್ ನಿಲ್ಲಿಸಿ ಓದಬೇಕು. ಬೇರೆ ವಿಡಿಯೋ ಮಾಡಿದರೆ ಗುಂಡಿ ಒತ್ತಿದಾಗ 'ಅದೇ ಸಮಯಕ್ಕೆ' ಹಾರಿದರೆ ತಪ್ಪು ಜಾಗಕ್ಕೆ ಬೀಳುತ್ತೀರಿ. ಪ್ರತಿ ನಿಲುಗಡೆಯ ಜಾಗ ಮತ್ತು ಉದ್ದದ ಪಟ್ಟಿ ಇಟ್ಟುಕೊಂಡು, ಅಲ್ಲಿಯವರೆಗಿನ ನಿಲುಗಡೆಗಳ ಮೊತ್ತವನ್ನು ಮೂಲದಿಂದ ಹೋಗುವಾಗ ಕೂಡಿಸಬೇಕು, ಮೂಲಕ್ಕೆ ಮರಳುವಾಗ ಕಳೆಯಬೇಕು. ಕ್ಯಾಪ್ಷನ್ ಫೈಲಿನ ಸಮಯಗಳಿಗೂ ಅದೇ ಲೆಕ್ಕ. ಇದನ್ನು ಮರೆತವರ ವಿಡಿಯೋದಲ್ಲಿ ಕ್ಯಾಪ್ಷನ್ ನಿಲುಗಡೆಯಿಂದ ನಿಲುಗಡೆಗೆ ಮುಂದೋಡುತ್ತಾ ಹೋಗುತ್ತದೆ. ನಿಂತ ಚಿತ್ರದ ಅಡಿಯಲ್ಲಿ ಅದೇ ಕೋಣೆಯ ಸಹಜ ಸದ್ದನ್ನು ಮೆಲ್ಲಗೆ ಹಾಸಿ. ಪೂರ್ತಿ ಮೌನವಾದರೆ ಕೇಳುವವರು ವಿಡಿಯೋ ಕೆಟ್ಟು ನಿಂತಿತೆಂದು ತಿಳಿಯುತ್ತಾರೆ.

ಇನ್ನು ರೆಕಾರ್ಡಿಂಗ್. 48 ಕಿಲೋಹರ್ಟ್ಸ್, 24 ಬಿಟ್, ಮೋನೋ. ಓದುವವರ ಧ್ವನಿ ಮೇಷ್ಟ್ರ ಧ್ವನಿಗಿಂತ ಬೇರೆಯಾಗಿ ಕೇಳಿಸಬೇಕು. ಮೇಷ್ಟ್ರೇ ವಿವರಣೆ ಓದಿದರೆ ಪಾಠ ಎಲ್ಲಿ ಮುಗಿಯಿತು, ವಿವರಣೆ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಭಾವಾಭಿನಯ ಬೇಡ, ಯಂತ್ರದ ಹಾಗೆ ಸಪ್ಪೆಯೂ ಬೇಡ.

ಆಡಾಸಿಟಿಯಲ್ಲಿ ಬೆರೆಸುವ ಕ್ರಮ: ಮೂಲ ಆಡಿಯೋ ಮೇಲಿನ ಟ್ರ್ಯಾಕು, ವಿವರಣೆ ಅದರ ತಕ್ಷಣದ ಕೆಳಗಿನ ಟ್ರ್ಯಾಕು. ನಡುವೆ ಬೇರೇನೂ ಇರಕೂಡದು, ಏಕೆಂದರೆ ಆಟೋ ಡಕ್ ಎಂಬ ಎಫೆಕ್ಟು ಆಯ್ಕೆಯಾದ ಟ್ರ್ಯಾಕಿನ ಕೆಳಗಿನದ್ದನ್ನೇ ನೋಡಿ ತಗ್ಗಿಸುತ್ತದೆ. ವಿವರಣೆಯ ತುಣುಕುಗಳನ್ನೆಲ್ಲ ಅವುಗಳ ಸಂದಿಗೆ ಕೂರಿಸಿ, ಮೂಲ ಟ್ರ್ಯಾಕನ್ನು ಮಾತ್ರ ಆಯ್ಕೆಮಾಡಿ, ಆಟೋ ಡಕ್ ಹಾಕಿ. ತಗ್ಗಿಸುವ ಪ್ರಮಾಣ ಮೊದಲೇ ಮೈನಸ್ 12 ಡೆಸಿಬೆಲ್ ಇರುತ್ತದೆ; ಕೋಣೆಯ ಸದ್ದು ಮಾತ್ರ ಇರುವಲ್ಲಿ ಅಷ್ಟು ಬೇಡ, ಮೈನಸ್ 6ರಿಂದ 8 ಸಾಕು. ಹಾಡಿನ ಸಂಗೀತವಿದ್ದರೆ 12 ಬೇಕಾಗುತ್ತದೆ. ಥ್ರೆಶೋಲ್ಡ್, ಅಂದರೆ ವಿವರಣೆ ಎಷ್ಟು ಜೋರಾದಾಗ ತಗ್ಗಿಸಬೇಕೆಂಬ ಮಟ್ಟ, ಮೈನಸ್ 30 ಡೆಸಿಬೆಲ್. ವಿವರಣೆಯ ರೆಕಾರ್ಡಿಂಗಿನಲ್ಲಿ ಫ್ಯಾನಿನ ಸದ್ದು ಅದಕ್ಕಿಂತ ಜೋರಿದ್ದರೆ ಮೂಲ ಆಡಿಯೋ ಮೇಲೇಳುವುದೇ ಇಲ್ಲ, ಉದ್ದಕ್ಕೂ ಕುಗ್ಗಿರುತ್ತದೆ. 'ಆಟೋ ಡಕ್ ಕೆಲಸ ಮಾಡುತ್ತಿಲ್ಲ' ಎನ್ನುವವರ ದೂರಿನ ಹಿಂದೆ ಹೆಚ್ಚಾಗಿ ಈ ಎರಡೇ ಕಾರಣ: ಟ್ರ್ಯಾಕಿನ ಕ್ರಮ, ಹಿನ್ನೆಲೆ ಸದ್ದು. ಮ್ಯಾಕ್ಸಿಮಮ್ ಪಾಜ್ (ತಗ್ಗಿದ ಸದ್ದು ಮತ್ತೆ ಏಳುವ ಮುನ್ನ ಕಾಯುವ ಬಿಡುವು) 1 ಸೆಕೆಂಡು ಇರಲಿ. ತೀರಾ ಕಡಿಮೆ ಮಾಡಿದರೆ ವಿವರಣೆಯ ಪದಪದದ ನಡುವೆ ಹಿನ್ನೆಲೆ ಎದ್ದು ಬಿದ್ದು ಏದುಸಿರು ಬಿಟ್ಟಂತೆ ಕೇಳಿಸುತ್ತದೆ.

ಎಫ್‌ಎಫ್‌ಎಂಪೆಗ್‌ನಲ್ಲೇ (ಆದೇಶ ಟೈಪಿಸಿ ಬಳಸುವ ಆಡಿಯೋ-ವಿಡಿಯೋ ತಂತ್ರಾಂಶ) ಮಾಡುವುದಾದರೆ ಸೈಡ್‌ಚೈನ್ ಕಂಪ್ರೆಸ್ ಫಿಲ್ಟರಿನಿಂದ ತಗ್ಗಿಸಿ, ಎಮಿಕ್ಸ್‌ನಿಂದ ಕೂಡಿಸಿ. ಎಮಿಕ್ಸ್ ತಾನಾಗಿ ಪ್ರತಿ ಇನ್‌ಪುಟ್ಟಿನ ಮಟ್ಟ ಇಳಿಸುತ್ತದೆ, ನಾರ್ಮಲೈಸ್ ಆಯ್ಕೆಯನ್ನು 0 ಮಾಡದಿದ್ದರೆ ಇಡೀ ವಿಡಿಯೋ ಪಿಸುಗುಟ್ಟುತ್ತದೆ.

ಬೆರೆಸಿದ್ದನ್ನು ಮೂಲದಷ್ಟೇ ಲೌಡ್‌ನೆಸ್‌ಗೆ ತನ್ನಿ. ಮೂಲ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಜೋರಿನ ಅಳತೆ) ಇದ್ದರೆ ಇದೂ ಅಷ್ಟೇ. ಇಲ್ಲದಿದ್ದರೆ ಗುಂಡಿ ಒತ್ತಿದ ಕ್ಷಣ ಕಿವಿಗೆ ಬಡಿಯುತ್ತದೆ. 00:00ರಿಂದ ಕೊನೆವರೆಗೆ, ಮೂಲದಷ್ಟೇ ಉದ್ದಕ್ಕೆ ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ. ಎಂಪಿ3 ಬೇಡ, ಅದು ಮೊದಲಿಗೆ ಚೂರು ಮೌನ ಸೇರಿಸುತ್ತದೆ.

ಡೌನ್‌ಲೋಡ್ ಪ್ರತಿಗಾಗಿ ಎಂಪಿ4 ಒಳಗೇ ಎರಡು ಟ್ರ್ಯಾಕ್ ಇಡುವಾಗ ಮ್ಯಾಪ್ ಆಯ್ಕೆ ಮೂರು ಸಲ ಬರಬೇಕು: ಮೂಲದ ವಿಡಿಯೋ, ಮೂಲದ ಆಡಿಯೋ, ಹೊಸ ಆಡಿಯೋ. ಮ್ಯಾಪ್ ಕೊಡದಿದ್ದರೆ ಎಫ್‌ಎಫ್‌ಎಂಪೆಗ್ ಒಂದೇ ಆಡಿಯೋ ಆರಿಸಿ ಇನ್ನೊಂದನ್ನು ಕೇಳದೆಯೇ ಬಿಡುತ್ತದೆ. ವಿಡಿಯೋ ಕೋಡೆಕ್ 'ಕಾಪಿ', ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡುವ ಅಗತ್ಯವಿಲ್ಲ. ಮೊದಲ ಆಡಿಯೋಗೆ 'ಡಿಫಾಲ್ಟ್', ಎರಡನೆಯದಕ್ಕೆ 'ವಿಷುಯಲ್ ಇಂಪೇರ್ಡ್' ಎಂಬ ಡಿಸ್ಪೊಸಿಷನ್ (ಟ್ರ್ಯಾಕು ಯಾವುದಕ್ಕೆಂದು ಹೇಳುವ ಗುರುತು). ಭಾಷೆಯ ಸಂಕೇತ ಕೆ-ಎ-ಎನ್, ಮೂರು ಅಕ್ಷರದ್ದು.

ಕೊನೆಗೆ ತಾಳ ತಪ್ಪಿದೆಯೇ ನೋಡಿ: ಮೊದಲ ನಿಮಿಷ, ನಡು, ಕೊನೆ. ಮೂರೂ ಕಡೆ ಒಂದೇ ಅಂತರವಿದ್ದರೆ ಆಡಿಯೋವನ್ನು ಅಷ್ಟು ಸರಿಸಿದರಾಯಿತು. ಅಂತರ ಬೆಳೆಯುತ್ತಾ ಹೋದರೆ ಫ್ರೇಮ್ ದರದ ಎಡವಟ್ಟು. 23.976ರ ವಿಡಿಯೋವನ್ನು 24 ಎಂದು ಎಡಿಟರ್ ಓದಿದರೆ ಗಂಟೆಗೆ 3.6 ಸೆಕೆಂಡು ಜಾರುತ್ತದೆ. ನಿಮ್ಮ 8 ನಿಮಿಷಕ್ಕೆ ಅರ್ಧ ಸೆಕೆಂಡಿನ ಹತ್ತಿರ, ಮೇಷ್ಟ್ರ ಮಾತಿನ ಮೇಲೆ ಬೀಳಲು ಅಷ್ಟು ಸಾಕು. ಮೊಬೈಲಿನಲ್ಲಿ ಚಿತ್ರಿಸಿದ್ದಾದರೆ ಫ್ರೇಮ್ ದರ ಏರಿಳಿಯುತ್ತಿರುತ್ತದೆ. ಎಡಿಟಿಂಗಿಗೆ ಮುಂಚೆಯೇ ಸ್ಥಿರ ದರಕ್ಕೆ ಪರಿವರ್ತಿಸಿಕೊಳ್ಳಿ.

---

ಟ್ಯಾಬ್ ಕೀಲಿ

ಎಲ್ಲ ಸರಿ, ಆದರೆ ಗುಂಡಿಯೇ ಸಿಗದಿದ್ದರೆ? ವಿವರಣೆ ಚೆನ್ನಾಗಿದ್ದೂ ಯಾರಿಗೂ ಕೇಳಿಸದ ವಿಡಿಯೋಗಳಲ್ಲಿ ತಪ್ಪು ಹೆಚ್ಚಾಗಿ ಇಲ್ಲೇ.

ಅದು ನಿಜವಾದ ಬಟನ್ ಟ್ಯಾಗ್ ಆಗಿರಬೇಕು, ಕ್ಲಿಕ್ ಅಂಟಿಸಿದ ಡಿವ್ ಅಲ್ಲ. ಬರೀ ಚಿಹ್ನೆ ಹಾಕಿದರೆ ಎನ್‌ವಿಡಿಎ (ತೆರೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ) 'ಬಟನ್' ಎಂದಷ್ಟೇ ಹೇಳುತ್ತದೆ, ಏನು ಮಾಡುವ ಬಟನ್ನೋ ದೇವರಿಗೇ ಗೊತ್ತು. ಹೆಸರು 'ಧ್ವನಿ ವಿವರಣೆ' ಎಂದಿರಲಿ, ಆನ್ ಆಫ್ ಸ್ಥಿತಿಯನ್ನು ಏರಿಯಾ-ಪ್ರೆಸ್ಡ್ ಎಂಬ ಗುಣಲಕ್ಷಣ ಹೇಳಲಿ. ಎರಡನ್ನೂ ಬದಲಿಸಬೇಡಿ: ಹೆಸರು 'ಧ್ವನಿ ವಿವರಣೆ ನಿಲ್ಲಿಸಿ' ಎಂದಾಗಿ, ಜೊತೆಗೆ 'ಒತ್ತಲಾಗಿದೆ' ಎಂದೂ ಬಂದರೆ ಈಗ ನಿಂತಿದೆಯೋ ಓಡುತ್ತಿದೆಯೋ ಹೇಳಿ ನೋಡೋಣ.

ಮೂರು ಸೆಕೆಂಡು ಮೌಸ್ ಆಡದಿದ್ದರೆ ನಿಯಂತ್ರಣಗಳನ್ನು ಮಾಯ ಮಾಡುವ ಪ್ಲೇಯರುಗಳಿವೆ. ಡಿಸ್‌ಪ್ಲೇ ನನ್ ಬಳಸಿ ಮಾಯ ಮಾಡಿದರೆ ಸ್ಕ್ರೀನ್ ರೀಡರಿಗೂ ಅವು ಇಲ್ಲವಾಗುತ್ತವೆ. ಪಾರದರ್ಶಕ ಮಾಡಿ, ಫೋಕಸ್ ಬಂದಾಗ ತೋರಿಸಿ. ಇನ್ನೂ ವಾಸಿ, ಗುಂಡಿಯನ್ನು ವಿಡಿಯೋಗಿಂತ ಮೊದಲೇ, ಪುಟದ ಸಾಲಿನಲ್ಲೇ ಇಡಿ. ವಿಡಿಯೋ ಓಡಲು ಶುರುವಾದ ಮೇಲೆ ಹುಡುಕುವುದೆಂದರೆ ಸ್ಕ್ರೀನ್ ರೀಡರಿನ ಮಾತು, ಮೇಷ್ಟ್ರ ಮಾತು ಒಟ್ಟಿಗೆ ಕೇಳುತ್ತಾ ಹುಡುಕುವುದು. ಅದೇ ಕಾರಣಕ್ಕೆ ತಾನಾಗಿ ಓಡುವ ವಿಡಿಯೋ ಬೇಡವೇ ಬೇಡ.

ವಿವರಣೆ ಆನ್ ಮಾಡಲು ಒಂಟಿ ಅಕ್ಷರದ ಕೀಲಿಯನ್ನು ಗೊತ್ತು ಮಾಡುವುದಾದರೆ ಅದನ್ನು ಆಫ್ ಮಾಡುವ ಅಥವಾ ಬದಲಿಸುವ ಅವಕಾಶವಿರಲಿ, ಇಲ್ಲವೇ ಪ್ಲೇಯರಿಗೆ ಫೋಕಸ್ ಇದ್ದಾಗ ಮಾತ್ರ ಅದು ಕೆಲಸ ಮಾಡಲಿ. ಡಬ್ಲ್ಯುಸಿಎಜಿ 2.1ರ 2.1.4 ಹೇಳುವುದು ಇದನ್ನೇ. ಎನ್‌ವಿಡಿಎಯಲ್ಲಿ ಒಂಟಿ ಅಕ್ಷರಗಳಿಗೆ ಆಗಲೇ ಕೆಲಸವಿದೆ, ಬಿ ಒತ್ತಿದರೆ ಮುಂದಿನ ಬಟನ್ನಿಗೆ ಹೋಗುತ್ತದೆ.

ಪುಟದ ಭಾಷೆಯನ್ನು ಕೆ-ಎನ್ ಎಂದು ಗುರುತಿಸುವುದನ್ನೂ ಮರೆಯಬೇಡಿ. ಆ ಗುರುತಿಲ್ಲದಿದ್ದರೆ ಕೆಲವು ಧ್ವನಿಗಳು ಕನ್ನಡದ ಹೆಸರನ್ನು ಹಾರಿಸಿ ಮುಂದೆ ಹೋಗುತ್ತವೆ. ವಿವರಣೆಯನ್ನು ರೆಕಾರ್ಡ್ ಮಾಡಿ ಕೊಡುತ್ತಿದ್ದರೆ ಅದೇ ಸಾಲುಗಳನ್ನು ಲೈವ್ ರೀಜನ್‌ನಲ್ಲೂ (ಬದಲಾದ ಪಠ್ಯವನ್ನು ಸ್ಕ್ರೀನ್ ರೀಡರ್ ತಾನಾಗಿ ಓದುವ ಜಾಗ) ಹಾಕಬೇಡಿ. ಎರಡೆರಡು ಸಲ ಕೇಳಿಸುತ್ತದೆ, ಅದೂ ಒಂದರ ಮೇಲೊಂದು.

ಸ್ಕ್ರಿಪ್ಟನ್ನು ರೆಕಾರ್ಡಿಂಗಿಗೆ ಮುಂಚೆಯೇ ದೃಷ್ಟಿ ಇಲ್ಲದ ಒಬ್ಬರಿಂದ, ಸಾಧ್ಯವಾದರೆ ಹುಟ್ಟಿನಿಂದಲೇ ಕಾಣದವರೊಬ್ಬರಿಂದ ಕೇಳಿಸಿ ನೋಡಿ. 'ಚೆನ್ನಾಗಿದೆಯಾ' ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. 'ಬ್ಯೂರೆಟ್ಟಿನ ಕೆಳಗೆ ಏನಿತ್ತು? ಬಣ್ಣ ಯಾವಾಗ ಬದಲಾಯಿತು?' ಎಂದು ಕೇಳಿ.

---

ಬುನ್ಸೆನ್ ದೀಪ

ಹೀಗೆ ತೀರ್ಮಾನಿಸಿದೆ: ನಾಟಕ ಎಚ್‌ಎಲ್‌ಎಸ್, ಪ್ರಯೋಗಗಳಿಗೆ ಮೇಷ್ಟ್ರ ವಾಕ್ಯಗಳ ಮರು ರೆಕಾರ್ಡಿಂಗ್, ಉಳಿದಲ್ಲಿ ನಿಲುಗಡೆಯ ಆವೃತ್ತಿ. ಯೂಟ್ಯೂಬ್ ಪ್ರತಿಗಳಿಗೆ ಏನು ಮಾಡಲಿ?

---

ಧ್ವನಿಹಾದಿ

ಯೂಟ್ಯೂಬ್ ಸ್ಟುಡಿಯೋದಲ್ಲಿ ಒಂದೇ ವಿಡಿಯೋಗೆ ಹೆಚ್ಚುವರಿ ಆಡಿಯೋ ಸೇರಿಸುವ ಅವಕಾಶ ನಿಮ್ಮ ಖಾತೆಗೆ ಇದೆಯೇ ನೋಡಿ. ಇದ್ದರೆ ನಾಟಕಗಳ ಬೆರೆಸಿದ ಆಡಿಯೋವನ್ನು ಅಲ್ಲೇ ಹಾಕಿ, ಉದ್ದ ಮೂಲದಷ್ಟೇ ಇರಲಿ. ಇಲ್ಲದಿದ್ದರೆ ಬೇರೆ ವಿಡಿಯೋ ಆಗಿ ಏರಿಸಿ, ಶೀರ್ಷಿಕೆಯ ಮೊದಲಲ್ಲೇ 'ಧ್ವನಿ ವಿವರಣೆ ಸಹಿತ' ಎಂದು ಬರೆಯಿರಿ. ಶೀರ್ಷಿಕೆಯ ಕೊನೆಗಿಟ್ಟರೆ ಹುಡುಕಾಟದ ಪಟ್ಟಿಯನ್ನು ಸ್ಕ್ರೀನ್ ರೀಡರಿನಲ್ಲಿ ಕೇಳುವವರು ಅಷ್ಟುದ್ದ ಕಾಯದೆ ಮುಂದಕ್ಕೆ ಹಾರಿರುತ್ತಾರೆ. ಮೂಲ ವಿಡಿಯೋದ ವಿವರದ ಮೊದಲ ಸಾಲಿನಲ್ಲಿ ಅದರ ಕೊಂಡಿ, ಅದರಲ್ಲಿ ಇದರ ಕೊಂಡಿ. ನಿಲುಗಡೆಯ ಆವೃತ್ತಿಗಳಿಗೆ ಹೇಗಿದ್ದರೂ ಇದೊಂದೇ ದಾರಿ.

ಯೂಡಿಸ್ಕ್ರೈಬ್ ಕೂಡ ಇದೆ. ಸ್ಮಿತ್-ಕೆಟಲ್‌ವೆಲ್ ನೇತ್ರ ಸಂಶೋಧನಾ ಸಂಸ್ಥೆಯದ್ದು, 2013ರಿಂದ ನಡೆಯುತ್ತಿದೆ. ಯಾರದೇ ಯೂಟ್ಯೂಬ್ ವಿಡಿಯೋಗೆ ಸ್ವಯಂಸೇವಕರು ತುಣುಕು ತುಣುಕಾಗಿ ವಿವರಣೆ ರೆಕಾರ್ಡ್ ಮಾಡಬಹುದು. ಪ್ರತಿ ತುಣುಕೂ ವಿಡಿಯೋ ಜೊತೆಗೇ ಓಡಬೇಕೋ ನಿಲ್ಲಿಸಿ ಓಡಬೇಕೋ ಆರಿಸಬಹುದು. ಮೂಲ ಫೈಲು ಮುಟ್ಟುವುದಿಲ್ಲ. ಆದರೆ ವಿವರಣೆ ಕೇಳಿಸುವುದು ಅವರ ತಾಣದಲ್ಲಿ ಮಾತ್ರ, ಯೂಟ್ಯೂಬಿನಲ್ಲೇ ನೋಡುವವರಿಗೆ ಅಂಥದ್ದೊಂದು ಇದೆಯೆಂಬ ಸುಳಿವೂ ಸಿಗುವುದಿಲ್ಲ. ಹಾಗಾಗಿ ಅಲ್ಲಿ ಮಾಡಿದರೂ ಕೊಂಡಿಯನ್ನು ವಿವರದ ಮೊದಲ ಸಾಲಿಗೇ ಹಾಕಿ.